ಲಚ್ಚಲರಾಣಿ ಬಿಟ್ಟುಹೋದ ಮೂರು ಒಗಟು

"ಕೇಳಿ ಮಹಾಜನಗಳೇ! ತೀರಿಕೊಂಡ ಲಚ್ಚಲರಾಣಿಯವರ ಮೂರು ಒಗಟು ಬಿಡಿಸಿದವರಿಗೆ ರಾಜಕುಮಾರಿ ಪದ್ಮಲೆಯ ಕೈ, ರಾಣಿಯವರ ಪ್ರಯೋಗಶಾಲೆಯ ಬೀಗದಕೈ. ತಪ್ಪು ಹೇಳಿದವರಿಗೆ ಅಮಾವಾಸ್ಯೆಯ ದಿನ ಶಿರಚ್ಛೇದ!"

ನೀಲಕೋಟೆಯ ಇರುಗರಸ ಹೀಗೆ ಡಂಗುರ ಹೊಡೆಸಿದಾಗ ಊರೇ ಬೆಚ್ಚಿತು. ಅರಸ ಮೊದಲು ಇಂಥ ಕಟುಕನಾಗಿರಲಿಲ್ಲ. "ಒಗಟು ಕೇಳಿ, ಮರ್ಮ ಬಲ್ಲವರಿಗೇ ನನ್ನ ಪ್ರಯೋಗಶಾಲೆ ಒಪ್ಪಿಸಿ" ಎಂದಷ್ಟೇ ರಾಣಿ ಸಾಯುವಾಗ ಹೇಳಿದ್ದಳು. ತಲೆ ತೆಗೆಯುವ ಮಾತನ್ನು ಸೇರಿಸಿದ್ದು ಅವನ ದುಃಖ.

ಮೊದಲು ಬಂದವನು ದಂಡನಾಯಕನ ಮಗ. ಮೊದಲನೇ ಒಗಟಿಗೇ ಮುಗ್ಗರಿಸಿ ಸೆರೆಮನೆ ಸೇರಿದ. ಮುತ್ತಿನ ವ್ಯಾಪಾರಿಯೊಬ್ಬ ಮೊದಲನೆಯದನ್ನು ದಾಟಿ ಎರಡನೆಯದರಲ್ಲಿ ಸಿಕ್ಕಿಬಿದ್ದ. ಕಡೆಗೆ ದೂರದೇಶದ ಪಂಡಿತನೊಬ್ಬ ಎರಡನ್ನೂ ಬಿಡಿಸಿದ. ಊರವರು ಉಸಿರು ಬಿಗಿಹಿಡಿದರು. ಮೂರನೆಯದಕ್ಕೆ ಅವನೂ ತಪ್ಪು ಹೇಳಿದ. ಅವನನ್ನು ಎಳೆದೊಯ್ಯುವಾಗ ಪದ್ಮಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳಂತೆ.

ಈ ಸುದ್ದಿ ಸಂತೆಯಲ್ಲಿ ಸಿಂಗಣನ ಕಿವಿಗೆ ಬಿತ್ತು. ಸಿಂಗಣ ಈಗ ಕತ್ತೆಯ ಮೇಲೆ ಉಪ್ಪು ಹೇರುವವನು. ರಾಣಿಯ ಕಾಲದಲ್ಲಿ ಹಿಮದ ಬೆಟ್ಟದಿಂದ ಮಂಜುಗಡ್ಡೆಯನ್ನು ಹೊಟ್ಟಿನಲ್ಲಿ ಹುದುಗಿಸಿ, ಕಂಬಳಿ ಸುತ್ತಿ ಪ್ರಯೋಗಶಾಲೆಗೆ ತರುತ್ತಿದ್ದ. "ಬಂದೆಯಾ ಸಿಂಗಣಾ? ಇದು ಕರಗಿದ್ದರೆ ನನ್ನ ಕೆಲಸವೆಲ್ಲ ಕರಗಿಹೋಗುತ್ತಿತ್ತು" ಎಂದು ರಾಣಿ ತಾನೇ ಬಾಗಿಲಿಗೆ ಬರುತ್ತಿದ್ದಳು. ಹುರಿಗಡಲೆ, ಬೆಲ್ಲ ಕೊಟ್ಟು ಕೂರಿಸಿ, ಅಂದು ಏನು ನೋಡಿದೆನೆಂದು ಹೇಳದೆ ಕಳಿಸುತ್ತಿರಲಿಲ್ಲ. ಎಷ್ಟೋ ತಲೆಗೆ ಹೋಗುತ್ತಿರಲಿಲ್ಲ. ಆದರೂ ಆ ಜಗಲಿ, ಒಳಗಿನಿಂದ ಬರುತ್ತಿದ್ದ ಗಾಜಿನ ಕಿಣಿಕಿಣಿ, ರಾಣಿಯ ನಗು ಅವನಿಗೆ ಬೇಕಾಗಿತ್ತು. ಈಗ ಆ ದಾರಿಯಲ್ಲಿ ಹೋಗುವಾಗ ಜಡಿದ ಬಾಗಿಲು ಕಂಡು ಎದೆ ಭಾರವಾಗುತ್ತಿತ್ತು.

'ಮೂರು ಜೀವ ಹೋಗುತ್ತದೆ. ಅಮ್ಮನವರು ಇದ್ದಿದ್ದರೆ ಸಹಿಸುತ್ತಿದ್ದರೇ?' ಸಿಂಗಣ ಕತ್ತೆಗಳನ್ನು ಕಟ್ಟಿಹಾಕಿ ಅರಮನೆಗೆ ನಡೆದ.

"ಇನ್ನೂ ಹಿಂದಿರುಗಬಹುದು" ಎಂದಳು ತುಂಬಿದ ಸಭೆಯಲ್ಲಿ ತಾಯಿಯ ಒಗಟು ಕೇಳಲು ನಿಂತಿದ್ದ ಪದ್ಮಲೆ, ಮೆಲ್ಲಗೆ.

"ಒಗಟು ಕೇಳಿ ಅಮ್ಮಣ್ಣಿ" ಎಂದ ಸಿಂಗಣ.

"ಒಂದು ದೊಡ್ಡ ಮನೆ. ಕೋಣೆಕೋಣೆಯಲ್ಲೂ ಒಂದೇ ಗ್ರಂಥ, ಅಕ್ಷರವೂ ಹೆಚ್ಚುಕಡಿಮೆಯಿಲ್ಲ. ಆದರೂ ಒಂದು ಕೋಣೆಯವರು ಅಡುಗೆ ಮಾಡುತ್ತಾರೆ, ಇನ್ನೊಂದರವರು ಕಾವಲು ಕಾಯುತ್ತಾರೆ. ಏನಿದು?"

"ಮನೆ ನಮ್ಮ ದೇಹ, ಕೋಣೆಗಳು ಜೀವಕೋಶ. ಗ್ರಂಥ ವಂಶವಾಹಿಗಳದ್ದು. ಅಡುಗೆ ಮಾಡುವ ಪಿತ್ತಜನಕಾಂಗದಲ್ಲಿ ಇರುವುದೂ ಅದೇ, ಕಾವಲು ಕಾಯುವ ಚರ್ಮದಲ್ಲಿ ಇರುವುದೂ ಅದೇ. ಆದರೆ ಕೋಶಗಳು ತಮತಮಗೆ ಬೇಕಾದ ಪುಟವನ್ನು ಮಾತ್ರ ಓದಿಕೊಳ್ಳುತ್ತವೆ."

ಪದ್ಮಲೆ ತಲೆಯಾಡಿಸಿದಳು. "ಆ ಪುಟದ ಸುದ್ದಿ ಹೊತ್ತು ಓಲೆಕಾರನೊಬ್ಬ ಹೊರಡುತ್ತಾನೆ. ಹುಟ್ಟಿದ ಗಳಿಗೆಯಿಂದಲೇ ಅವನಿಗೆ ಸಾವು ಹತ್ತಿರ. ಬರಿಗೈಯಲ್ಲಿ ಮುಟ್ಟಿದರೆ ಕತೆ ಮುಗಿಯಿತು. ಯಾರವನು? ಹಿಡಿಯುವುದು ಹೇಗೆ?"

ಸಿಂಗಣನಿಗೆ ಕಣ್ಣು ತುಂಬಿ ಬಂತು. "ಅವನಿಗೋಸ್ಕರವೇ ಅಲ್ಲವೇ ನಾನು ಬೆಟ್ಟ ಹತ್ತಿ ಇಳಿಯುತ್ತಿದ್ದುದು! ಅಮ್ಮನವರು ಅವನನ್ನು ಆರ್‌ಎನ್‌ಎ ಅನ್ನುತ್ತಿದ್ದರು. ಅವನನ್ನು ಚೂರುಮಾಡುವ ವಸ್ತು ನಮ್ಮ ಚರ್ಮದ ಮೇಲೇ ಇದೆ. ಕೈಗವಸು ತೊಟ್ಟು, ಮಂಜುಗಡ್ಡೆಯ ಮೇಲಿಟ್ಟೇ ಕೆಲಸ ಮಾಡಬೇಕು."

ಇರುಗರಸ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದ. ಪದ್ಮಲೆ ಮೂರನೆಯ ಒಗಟಿಗೆ ಬಂದಳು. ಪಂಡಿತ ಸೋತದ್ದು ಇಲ್ಲೇ.

"ಎರಡು ದೀಪ. ಕೊನೆಗೆ ಎರಡೂ ಒಂದೇ ಸಮ ಬೆಳಗುತ್ತವೆ. ಮೊದಲಿಗೆ ಯಾವುದರಲ್ಲಿ ಹೆಚ್ಚು ಎಣ್ಣೆಯಿತ್ತೆಂದು ಹೇಗೆ ಹೇಳುವೆ?"

ಸಿಂಗಣನಿಗೆ ನೆನಪು ಕೈಕೊಟ್ಟಿತು. "ಇನ್ನಷ್ಟು ಹೊತ್ತು ಉರಿಸಿ ನೋಡಬೇಕು" ಎಂದು ಪಂಡಿತ ಹೇಳಿದ್ದನಂತೆ. ಅದಂತೂ ಅಲ್ಲ. ತಲೆ ಕಡಿಯುವವನ ನೆರಳು ಬಾಗಿಲಲ್ಲಿ ಕಂಡಿತು. ಸಿಂಗಣ ಕಣ್ಣು ಮುಚ್ಚಿ ಆ ಜಗಲಿಯನ್ನು ನೆನೆದ. ರಾಣಿ ಎರಡು ಪುಟ್ಟ ಗಾಜಿನ ನಳಿಗೆಗಳ ಮೇಲೆ ಬಗ್ಗಿದ್ದಾಳೆ. ಕಾಯಿಸುತ್ತಾಳೆ, ಆರಿಸುತ್ತಾಳೆ, ಮತ್ತೆ ಕಾಯಿಸುತ್ತಾಳೆ. "ಕೊನೆಯಲ್ಲಿ ನೋಡಬೇಡವೋ, ಕೊನೆಗೆ ಎಲ್ಲವೂ ಒಂದೇ..."

"ಕೊನೆಯ ಬೆಳಕನ್ನು ನೋಡಬಾರದು" ಎಂದ ಸಿಂಗಣ. "ಮೊದಲು ಯಾವುದು ಬೆಳಗಿತೋ ಅದರಲ್ಲೇ ಹೆಚ್ಚಿತ್ತು. ಓಲೆಕಾರನ ಸುದ್ದಿಯನ್ನು ಗಟ್ಟಿಯಾದ ಪ್ರತಿಯಾಗಿ ಬರೆದುಕೊಂಡು, ಆ ಪ್ರತಿಯನ್ನು ಸುತ್ತುಸುತ್ತಿಗೂ ಇಮ್ಮಡಿ ಮಾಡುತ್ತಾರೆ. ಪ್ರತಿ ಹೆಚ್ಚಿದಂತೆ ಬಣ್ಣ ಹೊಳೆಯುತ್ತದೆ. ಹೆಚ್ಚು ಇದ್ದದ್ದು ಬೇಗ ಹೊಳೆಯುತ್ತದೆ, ಕಡಿಮೆ ಇದ್ದದ್ದು ತಡವಾಗಿ. ಸಾಮಗ್ರಿ ತೀರಿದ ಮೇಲೆ ಎರಡೂ ಒಂದೇ. ಯಾವುದು ಮೊದಲು ಹೊಳೆಯಿತೆಂದು ಗಮನಿಸಿದರೆ ಯಾವ ಕೋಶ ಯಾವ ಪುಟವನ್ನು ಎಷ್ಟು ಓದುತ್ತಿದೆ ಎಂದು ಗೊತ್ತಾಗುತ್ತದೆ. ರೋಗಿಯ ದೇಹದಲ್ಲಿ ಏನು ಕೆಟ್ಟಿದೆಯೆಂದೂ."

"ಸರಿ!" ಎಂದು ಪದ್ಮಲೆ ಅತ್ತೇಬಿಟ್ಟಳು.

ಸಭೆ ಕೂಗೆಬ್ಬಿಸಿತು. ಅರಸ ಸಿಂಹಾಸನದಿಂದ ಇಳಿದು ಬಂದು ಸಿಂಗಣನನ್ನು ಕೇಳಿದ: "ಇದನ್ನೇ ರಾಣಿ ಊಟಕ್ಕೆ ಕೂತಾಗ ಹೇಳುತ್ತಿದ್ದದ್ದು ಅಲ್ಲವೇ? ನಾನು ಹೂಂ ಅನ್ನುತ್ತಿದ್ದೆ. ಒಂದು ದಿನವೂ ಕೇಳಿಸಿಕೊಳ್ಳಲಿಲ್ಲ... ಏನು ಬೇಕು ಕೇಳಪ್ಪ."

"ಸೆರೆಯಲ್ಲಿರುವ ಮೂವರನ್ನೂ ಬಿಟ್ಟುಬಿಡಿ ಮಹಾಪ್ರಭು. ಆ ಪಂಡಿತರನ್ನು ಪ್ರಯೋಗಶಾಲೆಗೇ ಕಳಿಸಿಕೊಡಿ. ಎರಡು ಒಗಟು ಬಿಡಿಸಿದ ತಲೆ, ಮೂರನೆಯದನ್ನು ಕಲಿಯದೇ ಇರುತ್ತದೆಯೇ? ನನಗೆ ಬೀಗದಕೈ ಸಾಕು."

"ಬೀಗದಕೈ ಮಾತ್ರವೋ?" ಪದ್ಮಲೆ ಕಣ್ಣೊರೆಸಿಕೊಂಡು ಹುಬ್ಬೇರಿಸಿದಳು. "ಡಂಗುರದಲ್ಲಿ ಇನ್ನೊಂದು ಕೈಯ ಮಾತೂ ಇತ್ತು."

ಸಿಂಗಣ ಕಿವಿಯವರೆಗೂ ಕೆಂಪಾದ. "ಅಮ್ಮಣ್ಣಿಯವರ ಮನಸ್ಸಿದ್ದರೆ..."

"ಇಲ್ಲದಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದೆನೇ?"

ಮದುವೆಯಾಯಿತು. ಪ್ರಯೋಗಶಾಲೆಯ ಬಾಗಿಲು ತೆರೆಯಿತು. ಪದ್ಮಲೆ ಮತ್ತು ಪಂಡಿತ, ರಾಣಿ ನಿಲ್ಲಿಸಿದಲ್ಲಿಂದ ಕೆಲಸ ಹಿಡಿದರು. ಸಿಂಗಣ ಅವರ ಜೊತೆ ಕೂತು ಕಲಿತ. ಇರುಗರಸನೂ ಸಂಜೆಗಳಲ್ಲಿ ಬಂದು ರಾಣಿಯ ಹಳೆಯ ಮಣೆಯ ಮೇಲೆ ಕೂರುತ್ತಿದ್ದ. ಮಗಳು ಅಂದಿನ ಕೆಲಸ ವಿವರಿಸುವಾಗ ನಡುನಡುವೆ ತಡೆದು, "ಸ್ವಲ್ಪ ನಿಲ್ಲು ಮಗಳೇ, ಇದು ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳು" ಎನ್ನುತ್ತಿದ್ದ. ಅವಳು ಹೇಳುತ್ತಿದ್ದಳು.