ಮೂರೆಲೆ ಬೀದಿ

ಕಡಗಲ್ಲು ಕೋಟೆಯ ಕೆಳಗಿನ ಪೇಟೆಯಲ್ಲಿ, ಎರಡು ಗಾಡಿ ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕಾದಷ್ಟು ಇಕ್ಕಟ್ಟಿನ ಬೀದಿಯೊಂದಿದೆ. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ, ಹಿಟ್ಟಿನ ಗಿರಣಿ, ಒಂದು ಟೀ ಅಂಗಡಿ ಇವೆ. ಪುರಸಭೆಯ ಫಲಕದಲ್ಲಿ ಏಳನೇ ಅಡ್ಡರಸ್ತೆ ಎಂದಿದ್ದರೂ ಊರ ಬಾಯಲ್ಲಿ ಅದು ಮೂರೆಲೆ ಬೀದಿಯೇ. ಹೊರಗಿನಿಂದ ಬಂದವರು ಬಿಲ್ವದ ಮರ ಎಲ್ಲಿದೆ ಎಂದು ಕೇಳುತ್ತಾರೆ. ಟೀ ಅಂಗಡಿಯವರು ಗಂಭೀರವಾಗಿ ಒಂದು ಬೇವಿನ ಮರ ತೋರಿಸುತ್ತಾರೆ. ಅದಕ್ಕೇ ಕೈಮುಗಿದು ಹೋದವರುಂಟು. ಬಿಲ್ವಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಅವು ಉಂಡು ಬಿಸಾಡಿದ ಎಲೆಗಳು.

ಹಿಂದೆ ಒಮ್ಮೆ, ನಾಯಕರ ಕಾಲದಲ್ಲಿ (ಇಸವಿ ಕೇಳಿದವರಿಗೆ ಇಲ್ಲಿಯವರು ಒಬ್ಬೊಬ್ಬರಿಗೆ ಒಂದೊಂದು ಹೇಳಿ ಕಳಿಸುತ್ತಾರೆ, ಎಲ್ಲವೂ ನಂಬುವ ಹಾಗೆಯೇ ಇರುತ್ತವೆ), ಈ ಬೀದಿಯ ಮೂಲೆಯ ಜಗಲಿಯಲ್ಲಿ ಹೂಗಾರರ ಸಂಕವ್ವ ಮಾಲೆ ಕಟ್ಟುತ್ತ ಕೂರುತ್ತಿದ್ದಳಂತೆ. ಬೆರಳುಗಳು ತಮ್ಮಷ್ಟಕ್ಕೆ ಕಟ್ಟುತ್ತಿದ್ದವು. ಕೆಲಸವಿಲ್ಲದ ಕಣ್ಣು ಬೀದಿ ಮೇಯುತ್ತಿತ್ತು. ಯಾರ ಚಪ್ಪಲಿ ಎಡಕ್ಕೆ ಸವೆದಿದೆ, ಯಾರ ಅಂಗಳಕ್ಕೆ ಸೆಗಣಿನೀರು ತೆಳ್ಳಗೆ ಬಿದ್ದಿದೆ, ಯಾವ ಗೋಡೆಗೆ ಎಮ್ಮೆ ಮೈ ತಿಕ್ಕಿ ಹೋಗಿದೆ, ಎಲ್ಲವೂ ಅವಳಿಗೆ ಹಬ್ಬ. ಅದರಲ್ಲೂ ಕಡ್ಡಿ ಚುಚ್ಚಿ ಹೊಲಿದ ಮುತ್ತುಗದ ಎಂಜಲೆಲೆಯೆಂದರೆ ಪ್ರಾಣ. ಎಲೆ ನೋಡಿಯೇ ಯಾರ ಸಾರಿಗೆ ಉಪ್ಪು ಹೆಚ್ಚಾಯಿತು, ಯಾರು ಮುನಿಸಿಕೊಂಡು ಅರ್ಧಕ್ಕೆ ಎದ್ದರು ಎಂದು ಹೇಳಿಬಿಡುವಳು. ಕಂಡದ್ದನ್ನು ಹೇಳದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಬೀದಿಯೂ ನಕ್ಕು ಕೇಳುತ್ತಿತ್ತು.

ಆ ವರ್ಷ ಅವಳ ತಮ್ಮ ಚೆನ್ನಿಗ, ಬುರುಜಿನ ಬಿಟ್ಟಿ ಕೆಲಸದಲ್ಲಿ ಮೇಸ್ತ್ರಿಯ ಕೈ ಮುರಿದು ತಲೆಮರೆಸಿಕೊಂಡ. ಸಿಕ್ಕರೆ ಅದೇ ಬುರುಜಿನಿಂದ ಕೆಳಗೆ ತಳ್ಳುವುದೆಂದು ಡಂಗುರವಾಯಿತು. ಹದಿನೈದು ದಿನ ಸಂಕವ್ವ ಬಾಯಿ ಬಿಗಿದು, ತಲೆ ಎತ್ತದೆ ಹೂ ಕಟ್ಟಿದಳು. ಅವನು ಗಡಿ ದಾಟಿದನೆಂದು ಯಾರೋ ಹೇಳಿದ ಮೇಲೆ ಹೋದ ಜೀವ ಬಂತು, ಕಣ್ಣು ಮತ್ತೆ ಬೀದಿಗಿಳಿಯಿತು. ಅಂದು ಮಧ್ಯಾಹ್ನ ಅರಮನೆಯ ಪೂಜೆಗೆ ಹೂ ಒಯ್ಯಲು ಬಂದ ತಳವಾರ ಜಗಲಿಯ ಕಂಬಕ್ಕೊರಗಿ ಕಾಯುತ್ತಿದ್ದ. ಎದುರುಮನೆಯ ಗಾಣಿಗರ ದ್ಯಾಮವ್ವ ಎಲೆ ಬಿಸಾಡಿ ಒಳಗೆ ಹೊರಟಿದ್ದಳು. ಆ ಮನೆಯಲ್ಲಿ ಉಣ್ಣುವವರು ಗಂಡಹೆಂಡಿರಿಬ್ಬರೇ.

“ಏನೇ ದ್ಯಾಮಿ, ಅಳಿಯ ಬಂದವ್ನಾ? ಮೂರೆಲೆ ಬಿದ್ದವೆ!” ಎಂದು ಸಂಕವ್ವ ಬೀದಿಗೆಲ್ಲ ಕೇಳುವಂತೆ ಕೂಗಿದಳು.

“ಸುಮ್ಕಿರೇ ತಾಯಿ, ನಿನ್ನ ಹೂವು ಬಾಡ್ತವೆ ನೋಡ್ಕೋ,” ಎಂದಳು ದ್ಯಾಮವ್ವ.

“ಯಾಕೆ ಮುಚ್ಚಿಡ್ತೀಯೆ, ನಾನೇನು ಪಾಲು ಕೇಳ್ತೀನಾ? ಚೆನ್ನಾಗೇ ಹಸ್ದಿದ್ದ ಬಿಡು, ಎಲೆ ತೊಳ್ದಂಗೈತೆ. ಹಲ್ಲು ಚುಚ್ಚೋಕೆ ಹೊಲಿಗೆ ಕಡ್ಡೀನೆಲ್ಲ ಕಿತ್ಕೊಂಡವ್ನೆ, ಥೇಟು ನಮ್ಮ ಚೆನ್ನಿಗನ...”

ಮಾತು ಅಲ್ಲಿಗೇ ನಿಂತಿತು. ದ್ಯಾಮವ್ವನ ಮುಖ ಸುಣ್ಣವಾಗಿತ್ತು. ತಳವಾರ ಹೂವಿನ ಬುಟ್ಟಿ ಕೆಳಗಿಟ್ಟ.

ಗಾಣಿಗರ ಅಟ್ಟದಿಂದ ಚೆನ್ನಿಗನನ್ನು ಎಳೆದು ತಂದಾಗ ಅವನು ಅಕ್ಕನ ಕಡೆ ನೋಡಲೇ ಇಲ್ಲ ಎಂದು ಕೆಲವರು, ನೋಡಿ ನಕ್ಕ ಎಂದು ಕೆಲವರು ಹೇಳುತ್ತಾರೆ. ಯಾವುದನ್ನು ನಂಬಿದರೂ ಸಂಕವ್ವನಿಗೆ ನೆಮ್ಮದಿಯಿಲ್ಲ. ಅಷ್ಟೂ ದಿನ ಅವನಿದ್ದದ್ದು ಅವಳ ಕಣ್ಣೆದುರಿನ ಮನೆಯಲ್ಲಿ. ‘ಅಕ್ಕನಿಗೊಂದು ಹೇಳಬೇಡಿ’ ಎಂದು ಅವನೇ ಆಣೆ ಹಾಕಿಸಿದ್ದನಂತೆ. ದಿನವೂ ದ್ಯಾಮವ್ವ ಮೂರನೆಯ ಎಲೆಯನ್ನು ಒಲೆಗೆ ಹಾಕುತ್ತಿದ್ದಳು. ಅಂದು ಒಲೆ ಬೇಗ ಆರಿತ್ತು, ಅಷ್ಟೆ. ಮರುದಿನ ಚೆನ್ನಿಗನನ್ನು ಬುರುಜಿನಿಂದ ತಳ್ಳಿದರು. ಗಾಣ ಒಡೆಸಿ, ಗಾಣಿಗ ದಂಪತಿಯನ್ನು ಊರು ಬಿಡಿಸಿದರು. ಆಮೇಲಿನಿಂದ, ಉಂಡವರ ಲೆಕ್ಕ ಯಾರಿಗೂ ಸಿಗದಿರಲೆಂದು, ಬೀದಿಯ ಪ್ರತಿ ಮನೆಯವರೂ ಉಂಡವರಿಗಿಂತ ಒಂದೆಲೆ ಹೆಚ್ಚು ಬಿಸಾಡತೊಡಗಿದರು. ಅದರಲ್ಲಿ ಯಾವುದು ಸುಳ್ಳೆಲೆ ಎಂಬುದು ಸಂಕವ್ವನಿಗೆ ನೋಡಿದೊಡನೆ ತಿಳಿಯುತ್ತಿತ್ತು. ಸಾಯುವವರೆಗೂ ಅವಳು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಈಗ ದಿನದೂಟ ಸ್ಟೀಲ್ ತಟ್ಟೆಯಲ್ಲಿ. ಆದರೆ ಹಬ್ಬದ ಮಧ್ಯಾಹ್ನ ಈ ಬೀದಿಗೆ ಹೋದವರು ಇಂದಿಗೂ ಕಾಣಬಹುದು: ಕಸದ ಆಟೋ ಬರುವ ಮುಂಚೆ ಹೆಂಗಸರು ಹೊಸ್ತಿಲಲ್ಲಿ ಕೂತು, ಯಾರೂ ಉಣ್ಣದ ಎಲೆಯೊಂದಕ್ಕೆ ಒಂದಿಷ್ಟು ಅನ್ನ ಸವರಿ ಮಡಿಸುತ್ತಿರುತ್ತಾರೆ. ಇದು ಯಾರಿಗೆ ಎಂದು ಕೇಳಿದರೆ ಗಂಡಸರು ಮೀಸೆ ತಿರುವಿ, “ಆ ತಳವಾರನಿಗೆ” ಎನ್ನುತ್ತಾರೆ. ಹೆಂಗಸರು ತಲೆ ಎತ್ತುವುದಿಲ್ಲ. “ಸಂಕವ್ವಂಗೆ,” ಎನ್ನುತ್ತಾರೆ.