ಅಧ್ಯಕ್ಷರ ಚೆಂಡು ಎಲ್ಲಿ ಬಿತ್ತು?

ಚೆಂಡು ಬಿದ್ದ ಜಾಗವನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಗಾಲ್ಫ್ ಮೈದಾನದಲ್ಲಿ ಇದಕ್ಕಿಂತ ದೊಡ್ಡ ನಿಯಮವಿಲ್ಲ. ಅಂದು ಒಬ್ಬನ ಹೊರತು ಎಲ್ಲರೂ ಅದನ್ನು ಮುರಿದರು.

ಕ್ಲಬ್ಬಿನ ಅಧ್ಯಕ್ಷ ದೇವಪ್ಪಾಜಿ ಅರಸರು ಚೆಂಡು ಹೊಡೆಯುವ ಹೊಸ ಐರನ್ ಕೋಲು ಆರಿಸುತ್ತಿದ್ದರು. ಇನ್ನೊಮ್ಮೆ ಭುಜ ಉಳುಕಿದರೆ ಆಟವೇ ಮುಗಿಯಿತೆಂದು ಡಾಕ್ಟರು ಎಚ್ಚರಿಸಿದ್ದರು. ಆದರೂ "ಹಗುರದ್ದು ಮುದುಕರಿಗೆ!" ಎನ್ನುತ್ತ ಉಕ್ಕಿನ ಭಾರದ ಕೋಲನ್ನೇ ಬೀಸಿದರು. ಚೆಂಡು ಎದುರಿನ ಕೊಳವನ್ನು ದಾಟದೆ ಅದರ ನಡುವೆ ಬಿತ್ತು.

"ದಾಟ್ತು ಸಾರ್, ದಾಟ್ತು!" ಎಂದರು ಸದಸ್ಯರೆಲ್ಲ.

"ಹೋಗಿ ತಗೊಂಡು ಬಾರೋ," ಎಂದರು ಅರಸರು, ಚೀಲ ಹೊರುವ ಕೆಂಪಯ್ಯನಿಗೆ.

ಕೆಂಪಯ್ಯ ಪ್ಯಾಂಟು ಮಡಚಿ ನೇರ ನೀರಿಗಿಳಿದ.

"ಲೋ, ಅಲ್ಲಿಗ್ಯಾಕೋ?"

"ದಾಟಿದ್ದು ಬರೀ ಮಾತು, ಬುದ್ಧಿ. ಚೆಂಡು ಇಲ್ಲೇ ಐತೆ."

ಅರಸರ ಮೀಸೆ ಅದುರಿತು. ಕೊನೆಗೆ ಅವರು ಭುಜ ನೀವಿಕೊಂಡು, ಹಗುರದ ಕೋಲು ಎತ್ತಿ ಇನ್ನೊಂದು ಚೆಂಡಿಗೆ ಬೀಸಿದರು.

"ಈಗೇನಂತೀಯೋ?"

ಕೆಂಪಯ್ಯ ನೀರಿನಿಂದೆದ್ದು ಆಚೆ ದಡ ಹತ್ತಿ, ಚೆಂಡು ಎತ್ತಿ ತೋರಿಸಿದ.