ಉಸಿರು ಬಿಗಿಹಿಡಿದ ಬೆಟ್ಟ

ಭೂಮಿ ಇನ್ನೂ ಹೊಸದಾಗಿದ್ದ ಕಾಲ ಅದು, ಮಗೂ. ಆಗ ಬೆಟ್ಟಕ್ಕೂ ಮಾತು ಬರುತ್ತಿತ್ತು, ಗಾಳಿಗೂ ಬರುತ್ತಿತ್ತು.

ಉತ್ತರ ದಿಕ್ಕಿನ ಕೊನೆಯಲ್ಲಿ, ಎತ್ತ ನೋಡಿದರೂ ಹಿಮವೇ ಇದ್ದ ನಾಡಿನಲ್ಲಿ, ಒಂದು ಎತ್ತರದ ಬೆಟ್ಟವಿತ್ತು. ಅದರ ಹೊಟ್ಟೆಯಲ್ಲಿ ಬೆಂಕಿ, ಹೆಗಲ ಮೇಲೆ ಹಿಮನದಿ. ಬೆಂಕಿ ಹೆಚ್ಚಾದಾಗಲೆಲ್ಲ ಬೆಟ್ಟ ಬಾಯಿ ತೆರೆದು ಒಂದಿಷ್ಟು ಹೊರಗೆ ಬಿಡುತ್ತಿತ್ತು. ಅದು ಗಟ್ಟಿ ಅಂಬಲಿಯಂತೆ ಮೆಲ್ಲಗೆ ಹರಿದು ಆರಿಹೋಗುತ್ತಿತ್ತು.

ಬೆಟ್ಟದ ಬುಡದಲ್ಲಿ ಒರೆಕ್ ಮತ್ತು ಅವನ ಹೆಂಡತಿ ನಲೀಕಾ ಗುಡಿಸಲು ಕಟ್ಟಿಕೊಂಡು ಇದ್ದರು. ಆ ಚಳಿಯಲ್ಲಿ ಬೆಟ್ಟದ ಬೆಚ್ಚಗಿನ ನೆಲವೇ ಅವರಿಗೆ ಆಸರೆ. ಬೆಟ್ಟಕ್ಕೂ ಅವರೆಂದರೆ ಪ್ರಾಣ. ಮಾತಾಡಲು ಬೇರೆ ಯಾರಿದ್ದರು?

ಒಂದು ಚಳಿಗಾಲ. ನಲೀಕಾಗೆ ಹೆರಿಗೆ ನೋವು ಶುರುವಾದ ದಿನವೇ ಬೆಟ್ಟದ ಹೊಟ್ಟೆಯೂ ಕುದಿಯತೊಡಗಿತು.

"ಒರೆಕ್, ಬೆಂಕಿ ಬರ್ತಿದೆ. ಆಚೆ ದಿಬ್ಬಕ್ಕೆ ಹೋಗಿಬಿಡಿ" ಎಂದಿತು ಬೆಟ್ಟ.

"ಇವಳು ಏಳೋ ಸ್ಥಿತೀಲಿಲ್ಲ, ಬೆಟ್ಟಪ್ಪಾ. ಮಗು ಹುಟ್ಟೋವರೆಗೆ ತಡ್ಕೋ. ನಿನ್ನ ಕಾಲಿಗೆ ಬೀಳ್ತೀನಿ."

ಬೆಟ್ಟ ಬಾಯಿ ಮುಚ್ಚಿತು. ಉಸಿರು ಬಿಗಿಹಿಡಿಯಿತು. ಅದು ನಡುಗುವುದನ್ನು ಕಂಡು ಹಿಮನದಿ, "ನಾನಿದ್ದೀನಿ" ಎಂದು ತನ್ನ ಭಾರವನ್ನೆಲ್ಲ ಅದರ ಬಾಯಿಯ ಮೇಲೆ ಹಾಕಿ ಕೂತಿತು.

"ಇನ್ನೂ ಸ್ವಲ್ಪ" ಎಂದ ಒರೆಕ್. ಬೆಟ್ಟ ತಡೆಯಿತು.

"ಇನ್ನೂ ಸ್ವಲ್ಪ" ಎಂದು ಅತ್ತ ಒರೆಕ್. ಬೆಟ್ಟ ತಡೆಯಿತು.

ಕೊನೆಗೂ ಮಗು ಅತ್ತಿತು. ನಲೀಕಾ ಅದನ್ನು ಎತ್ತಿ ತೋರಿಸಿದಳು. "ಹೆಣ್ಣು ಮಗು, ನೋಡು ಬೆಟ್ಟಪ್ಪಾ!"

ಬೆಟ್ಟ ನೋಡಿತು. ಬಾಯಿ ತೆರೆಯುವ ಹಾಗಿರಲಿಲ್ಲ, ಅದಕ್ಕೇ ಏನೂ ಹೇಳಲಿಲ್ಲ.

ಒರೆಕ್ ಹೆಂಡತಿಯನ್ನೂ ಮಗುವನ್ನೂ ತಬ್ಬಿಕೊಂಡು ಹೊಸ್ತಿಲು ದಾಟಿದ, ಅಷ್ಟೇ. ಬೆಟ್ಟದ ತಲೆಯೇ ಸಿಡಿಯಿತು. ಬೆಂಕಿ ಹರಿಯಲಿಲ್ಲ, ಹಾರಿತು. ಆಕಾಶ ಕಪ್ಪಾಯಿತು. ಬೂದಿ ಸುರಿಯಿತು, ಸುರಿಯುತ್ತಲೇ ಇತ್ತು.

ಎಲ್ಲ ನಿಂತ ಮೇಲೆ ಬೆಟ್ಟ ಕೂಗಿತು. "ಒರೆಕ್! ನಲೀಕಾ!" ಮಗುವನ್ನು ಏನೆಂದು ಕೂಗಬೇಕೋ ತಿಳಿಯಲಿಲ್ಲ. ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲ.

ಗಾಳಿ ಎಲ್ಲೆಡೆ ಹುಡುಕಿ ಬಂತು. "ಅವರಿಲ್ಲ. ಬಾಯಿ ಮುಚ್ಚಿ ಹಿಡಿದಿದ್ದಕ್ಕೇ ಹೀಗಾಯ್ತು. ಎಂದಿನಂತೆ ಬಿಟ್ಟಿದ್ದರೆ ಬೆಂಕಿ ಗುಡಿಸಲನ್ನು ಬಳಸಿಕೊಂಡು ಹೋಗ್ತಿತ್ತೇನೋ."

"ಅವನು ಕೇಳಿಕೊಂಡ, ಅದಕ್ಕೇ ತಡೆದೆ" ಎಂದಿತು ಬೆಟ್ಟ.

ಅಂದಿನಿಂದ ಬೆಟ್ಟ ಬಾಯಿ ಬಿಗಿದುಕೊಂಡೇ ಉಳಿಯಿತು. ಮುಚ್ಚಿದ ಬಾಯಿಯ ಮೇಲೆ ಹಿಮ ಬಿತ್ತು.

ಅದಕ್ಕೇ ಮಗೂ, ಇವತ್ತಿಗೂ ಆ ಬೆಟ್ಟ ವರ್ಷಗಟ್ಟಲೆ ಹಿಮ ಹೊದ್ದು ಸುಮ್ಮನಿದ್ದು ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಅದರ ಹಿಮನದಿಯ ಬಿಳಿ ಮೈಯಲ್ಲಿ ಬೂದಿಯ ಕಪ್ಪು ಗೆರೆಗಳಿವೆ, ಸುತ್ತ ಕಣ್ಣು ಹಾಯುವಷ್ಟು ದೂರ ಒಂದೂ ಮನೆಯಿಲ್ಲ.